ಮನೆಯಲ್ಲೇ ಮಾದರಿ ರೈಲು: ಪ್ಲೈವುಡ್ ಕೊಳ್ಳುವುದರಿಂದ ಮೊಬೈಲ್‌ನಲ್ಲಿ ಓಡಿಸುವ ತನಕ

ಗುಡ್ಡ ರೆಡಿ, ಸುರಂಗ ರೆಡಿ, ಸ್ಟೇಷನ್ನಿಗೆ ಹಳದಿ ಬೋರ್ಡೂ ಬರೆದಾಗಿದೆ. ರೈಲು ಮಾತ್ರ ಸುರಂಗದೊಳಗೆ ಹೋಗಿ ನಿಂತಿದೆ. ಹಳಿಯ ಸುತ್ತ ಜಲ್ಲಿ ಅಂಟಿಸಿಬಿಟ್ಟಿರುವುದರಿಂದ ಎತ್ತಿ ನೋಡುವಂತೆಯೂ ಇಲ್ಲ. ಬೆಂಗಳೂರಿನ ಗೆಳೆಯರ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡಿದ್ದು ಇದನ್ನೇ. ಹಲಗೆಯ ಮೇಲಿನ ಹಳಿ, ಸ್ಟೇಷನ್, ಗುಡ್ಡ ಎಲ್ಲ ಸೇರಿದ್ದಕ್ಕೆ ಲೇಔಟ್ ಅನ್ನುತ್ತಾರೆ. ನನ್ನ ಮೊದಲ ಲೇಔಟ್ ಕೂಡ ಹೀಗೇ ಹಾಳಾಯಿತು.

ಕೈಕೆಲಸ ಎಲ್ಲರದೂ ಚೆನ್ನಾಗಿತ್ತು. ಕೆಟ್ಟಿದ್ದು ಕ್ರಮ. ಕಣ್ಣಿಗೆ ಚೆಂದ ಕಾಣುವ ಕೆಲಸ ಮೊದಲು ಮುಗಿಸಿ, ವೈರಿಂಗನ್ನು "ಆಮೇಲೆ ನೋಡೋಣ" ಅಂತ ಬಿಡುತ್ತೇವೆ. ಇಲ್ಲಿ ಅದನ್ನು ತಿರುಗಿಸಿ ಬರೆದಿದ್ದೇನೆ. ಒಂದು ಹಂತದ ಪರೀಕ್ಷೆ ಪಾಸಾಗದೆ ಮುಂದಿನ ಹಂತಕ್ಕೆ ಹೋಗಬೇಡಿ.

## ಮೊದಲು ಬೇಕಾದ ಸಾಮಾನು

ಮಲ್ಟಿಮೀಟರ್ ಇಲ್ಲದೆ ಶುರು ಮಾಡಲೇಬೇಡಿ. ಎರಡು ಜಾಗಗಳ ನಡುವೆ ಕರೆಂಟ್ ಹರಿಯುವಂತಿದ್ದರೆ ಬೀಪ್ ಅನ್ನುವ ಕಂಟಿನ್ಯುಟಿ ಸೌಲಭ್ಯ ಇರುವ ಸಾಧಾರಣ ಮೀಟರ್ ಸಾಕು. ಆಮೇಲೆ 40ರಿಂದ 60 ವ್ಯಾಟಿನ ಸೋಲ್ಡರಿಂಗ್ ಐರನ್. ರೇಡಿಯೋ ರಿಪೇರಿಗೆ ಕೊಡುವ 25 ವ್ಯಾಟಿನದು ಹಳಿಗೆ ಸಾಲದು. ಹಳಿಯ ಲೋಹ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ನೀವು ಐರನ್ನನ್ನು ಒತ್ತಿ ಹಿಡಿದೇ ಇರುತ್ತೀರಿ, ಅಷ್ಟರಲ್ಲಿ ಹಳಿಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಅಡ್ಡತುಂಡು, ಅಂದರೆ ಸ್ಲೀಪರ್, ಕರಗಿರುತ್ತದೆ.

ರಾಳ ತುಂಬಿದ 60/40 ಸೋಲ್ಡರ್ ತಂತಿ, ವೈರ್ ಸುಲಿಯುವ ಸ್ಟ್ರಿಪ್ಪರ್, ಹಳಿ ಕತ್ತರಿಸಲು ಸಣ್ಣ ಹಲ್ಲಿನ ಗರಗಸ, ಚಪ್ಪಟೆ ಅರ, ರಸಮಟ್ಟ, 3 ಮಿ.ಮೀ. ಬಿಟ್ ಇರುವ ಡ್ರಿಲ್, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಇರಲಿ. ಆ್ಯಸಿಡ್ ಫ್ಲಕ್ಸ್ ಮಾತ್ರ ಮನೆಯೊಳಗೆ ತರಬೇಡಿ. ಬೆಸುಗೆ ಬೇಗ ಹಿಡಿಯುತ್ತದೆ ನಿಜ, ಆದರೆ ಕೆಲವು ತಿಂಗಳಲ್ಲಿ ವೈರಿನ ಎಳೆಗಳನ್ನೇ ತಿಂದುಹಾಕುತ್ತದೆ.

ಎಲೆಕ್ಟ್ರಾನಿಕ್ಸ್ ಸಾಮಾನು ಬಹುತೇಕ ಎಲ್ಲವೂ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರ ಬೆಳಿಗ್ಗೆಯೇ ಹೋಗಿ. ಪಟ್ಟಿಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ. ಆ ಗಲಾಟೆಯಲ್ಲಿ ಬಾಯಲ್ಲಿ ಹೇಳಿದ್ದು ಒಂದು, ಕವರಿನಲ್ಲಿ ಬಂದಿದ್ದು ಇನ್ನೊಂದು ಆಗುತ್ತದೆ.

## ಹಂತ 1: ಅಳತೆ ಮತ್ತು ಜಾಗ

ಮನೆಗೆ ಹೊಂದುವುದು ಎರಡು ಅಳತೆ. ಎಚ್‌ಒ ಅಂದರೆ ನಿಜದ 87ನೇ ಒಂದು ಭಾಗ, ಹಳಿಗಳ ನಡುವೆ 16.5 ಮಿ.ಮೀ. ಎನ್ ಅಂದರೆ 160ನೇ ಒಂದು ಭಾಗ, ಹಳಿಗಳ ನಡುವೆ 9 ಮಿ.ಮೀ.

ಜನ ಎಡವುವುದು ತಿರುವಿನಲ್ಲಿ. ನಮ್ಮ ಈಗಿನ ರೈಲುಗಳ ಎಲ್‌ಎಚ್‌ಬಿ ಬೋಗಿಯ ಉದ್ದ ಸುಮಾರು 23.5 ಮೀಟರ್. ಎಚ್‌ಒ ಅಳತೆಯಲ್ಲಿ ಅದು 27 ಸೆಂ.ಮೀ. ಆಗುತ್ತದೆ. ಹಳೆಯ ಐಸಿಎಫ್ ನೀಲಿ ಬೋಗಿ ಕೂಡ 24.5 ಸೆಂ.ಮೀ. ಇಷ್ಟುದ್ದದ ಬೋಗಿಯನ್ನು 18 ಇಂಚು ತ್ರಿಜ್ಯದ ತಿರುವಿನಲ್ಲಿ ಓಡಿಸಿದರೆ ಮೂಲೆಗಳು ಹೊರಗೆ ಚಾಚುತ್ತವೆ, ಕಪ್ಲಿಂಗ್ ಎಳೆದಾಡಿ ಹಳಿ ತಪ್ಪುತ್ತದೆ. ಪೂರ್ಣ ಉದ್ದದ ಬೋಗಿ ಬೇಕೇ ಬೇಕು ಅಂದರೆ 22 ಇಂಚಿಗಿಂತ ಕಡಿಮೆ ತ್ರಿಜ್ಯ ಇಡಬೇಡಿ. 22 ಇಂಚಿನ ತಿರುವು 4 ಅಡಿ ಅಗಲದ ಪ್ಲೈವುಡ್ಡಿನಲ್ಲಿ ಕೂರುತ್ತದೆ, ಎರಡೂ ಬದಿ 5 ಸೆಂ.ಮೀ. ಉಳಿಯುತ್ತದೆ ಅಷ್ಟೇ. ಜಾಗ ಅಷ್ಟಿಲ್ಲ ಅಂದರೆ ಗೂಡ್ಸ್ ವ್ಯಾಗನ್ ಓಡಿಸಿ, ಇಲ್ಲವೇ ಎನ್ ಅಳತೆಗೆ ಹೋಗಿ. ಎನ್‌ನಲ್ಲಿ ಎರಡೂವರೆ ಅಡಿ ಅಗಲದ ಹಲಗೆಯಲ್ಲೇ ಪೂರ್ತಿ ಸುತ್ತು ಹಾಕಬಹುದು. ಒಂದು ಬೆಡ್‌ರೂಮಿನ ಮನೆಯಲ್ಲಿರುವವರಿಗೆ ನಾನು ಹೇಳುವುದು ಎನ್ ಅಂತಲೇ.

ಹಲಗೆಯನ್ನು ಗೋಡೆಗೆ ಒತ್ತಿ ಇಡುವುದಾದರೆ ಕೈ ಎಷ್ಟು ದೂರ ಹೋಗುತ್ತದೆ ನೋಡಿಕೊಳ್ಳಿ. ಎರಡೂವರೆ ಅಡಿ ದಾಟಿದರೆ ಆ ಕಡೆ ಬಿದ್ದ ಬೋಗಿ ಎತ್ತಲು ಹೊಟ್ಟೆ ಹಲಗೆಯ ಮೇಲೆ ಬರುತ್ತದೆ. 4 ಅಡಿ ಅಗಲದ್ದಾದರೆ ಮೂರು ಕಡೆ ಓಡಾಡಲು ಜಾಗ ಬೇಕು.

ಮೊದಲ ಲೇಔಟಿನಲ್ಲಿ ಎರಡು ಆಸೆ ಬಿಡಿ. ಒಂದು, ಹಳಿಯ ಮೇಲೊಂದು ಸೇತುವೆ. ಎಚ್‌ಒನಲ್ಲಿ ಕೆಳಗಿನ ರೈಲು ದಾಟಲು ಸುಮಾರು 7.5 ಸೆಂ.ಮೀ. ಎತ್ತರ ಬೇಕು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1, ಅಂದರೆ ಮೀಟರಿಗೆ 2 ಸೆಂ.ಮೀ. ಅದೇ ಏರನ್ನು ನೀವೂ ಇಟ್ಟರೆ ಹತ್ತಲು ಮೂರು ಮುಕ್ಕಾಲು ಮೀಟರ್, ಇಳಿಯಲು ಅಷ್ಟೇ. ಒಟ್ಟು ಏಳೂವರೆ ಮೀಟರ್. 4×8 ಅಡಿ ಹಲಗೆಯ ಒಂದು ಪೂರ್ತಿ ಸುತ್ತೇ ಸುಮಾರು 6 ಮೀಟರ್. ಲೆಕ್ಕ ಕೂಡುವುದಿಲ್ಲ, ಅಲ್ವಾ? ಏರು ಜಾಸ್ತಿ ಮಾಡಿದರೆ ಎಂಜಿನ್ ಚಕ್ರ ನಿಂತಲ್ಲೇ ತಿರುಗುತ್ತದೆ.

ಎರಡನೆಯದು, ಹೋದ ರೈಲು ಸುತ್ತಿಕೊಂಡು ಅದೇ ಹಳಿಗೆ ಎದುರು ಮುಖವಾಗಿ ವಾಪಸ್ ಬರುವ ಲೂಪ್. ಕಾಗದದಲ್ಲಿ ಎರಡೂ ಹಳಿಗಳನ್ನು ಎರಡು ಬಣ್ಣದಲ್ಲಿ ಬರೆದು ನೋಡಿ. ಎಲ್ಲಾದರೂ ಕೆಂಪು ಗೆರೆ ಹೋಗಿ ಕಪ್ಪು ಗೆರೆಗೆ ಸೇರಿದರೆ ಅದು ಶಾರ್ಟ್ ಸರ್ಕ್ಯೂಟ್. ಅದಕ್ಕೆ ಆಟೋ ರಿವರ್ಸರ್ ಅನ್ನುವ ಬೇರೆ ಸರ್ಕ್ಯೂಟ್ ಬೇಕು. ಈಗ ಬೇಡ.

## ಹಂತ 2: ಹಲಗೆ

12 ಮಿ.ಮೀ. ಪ್ಲೈವುಡ್, ಅಡಿಯಲ್ಲಿ ಪೈನ್ ರೀಪರಿನ ಚೌಕಟ್ಟು, ಒಂದೂವರೆ ಅಡಿಗೊಂದು ಅಡ್ಡಪಟ್ಟಿ. ಐಎಸ್ 303 (ಪ್ಲೈವುಡ್ಡಿನ ಭಾರತೀಯ ಮಾನದಂಡ) ಗುರುತಿನಲ್ಲಿ ಎಂಆರ್, ಬಿಡಬ್ಲ್ಯುಆರ್ ಅಂತ ಎರಡು ದರ್ಜೆ ಬರುತ್ತವೆ. ಬಿಡಬ್ಲ್ಯುಆರ್ ತಗೊಳ್ಳಿ, ನಮ್ಮ ಮಳೆಗಾಲದ ತೇವಕ್ಕೆ ಅದೇ ತಡೆಯುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೇಳಿದ ಅಳತೆಗೆ ಕೊಯ್ದೂ ಕೊಡುತ್ತಾರೆ.

ಒಂದೇ 4×8 ಹಾಳೆ ಬೇಡ. 4×4ರ ಎರಡು ತುಂಡು ಮಾಡಿ, ಚೌಕಟ್ಟಿನಿಂದ ಚೌಕಟ್ಟಿಗೆ ಬೋಲ್ಟ್ ಹಾಕಿ ಜೋಡಿಸಿ. ಬಾಡಿಗೆ ಮನೆ ಖಾಲಿ ಮಾಡುವ ದಿನ ಇದರ ಬೆಲೆ ಗೊತ್ತಾಗುತ್ತದೆ. ನನ್ನ ಹಳೆಯ ಲೇಔಟನ್ನು ಮೂರನೇ ಮಹಡಿಯಿಂದ ಇಳಿಸಲಾಗದೆ ಗರಗಸದಲ್ಲಿ ಕೊಯ್ದೆ.

ತಾರಸಿಯ ಶೀಟಿನ ರೂಮಿನಲ್ಲಿ ಇಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಏಪ್ರಿಲ್ ಮಧ್ಯಾಹ್ನದ ಕಾವು, ಜುಲೈ ತೇವ ಎರಡನ್ನೂ ಮರ ಸಹಿಸುವುದಿಲ್ಲ. ಹಿಗ್ಗಿ ಕುಗ್ಗಿ ಹಳಿಯನ್ನು ಬಾಗಿಸುತ್ತದೆ. ಹಲಗೆಯ ಎರಡೂ ಮುಖಕ್ಕೆ ಮತ್ತು ಅಂಚುಗಳಿಗೆ ಪ್ರೈಮರ್ ಹೊಡೆಯಿರಿ. ಬರೀ ಮೇಲ್ಮುಖಕ್ಕೆ ಹೊಡೆದರೆ ಹಲಗೆ ಹಪ್ಪಳದಂತೆ ಬಾಗುತ್ತದೆ.

ಪರೀಕ್ಷೆ: ರಸಮಟ್ಟವನ್ನು ಉದ್ದ, ಅಗಲ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ಆಮೇಲೆ ಒಂದು ಬೋಗಿಯನ್ನು ಸುಮ್ನೆ ನೇರ ಹಳಿಯ ಮೇಲೆ ಬಿಡಿ. ತಾನಾಗಿ ಉರುಳಿದರೆ ಕಾಲಿಗೆ ಚಪ್ಪಟೆ ಚೂರು ಕೊಟ್ಟು ಮಟ್ಟ ಮಾಡಿ.

## ಹಂತ 3: ಹಳಿ ಹಾಸುವುದು, ಅಂಟಿಸದೆ

ಹಳಿ ನಿಕಲ್ ಸಿಲ್ವರ್‌ನದ್ದೇ ಇರಲಿ. ಹಳೆಯ ಆಟಿಕೆ ಸೆಟ್ಟಿನ ಹಿತ್ತಾಳೆ ಹಳಿ ಬೇಗ ಕಪ್ಪಾಗುತ್ತದೆ, ಆ ಕಪ್ಪು ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಪೆಟ್ಟಿಗೆಯ ಮೇಲೆ ಕೋಡ್ 100 ಅಂತ ಇದ್ದರೆ ಹಳಿಯ ಎತ್ತರ 2.54 ಮಿ.ಮೀ. ಅಂತ ಅರ್ಥ. ಮೊದಲ ಸಲಕ್ಕೆ ಅದೇ ಒಳ್ಳೆಯದು. ಕಣ್ಣಿಗೆ ಸ್ವಲ್ಪ ದಪ್ಪ ಕಂಡರೂ ಸಣ್ಣಪುಟ್ಟ ತಪ್ಪನ್ನು ಕ್ಷಮಿಸುತ್ತದೆ.

ಹಳಿಯ ಅಡಿಗೆ 3ರಿಂದ 5 ಮಿ.ಮೀ. ಕಾರ್ಕ್ ಶೀಟ್ ಪಟ್ಟಿ ಹಾಕಿ. ಇಲ್ಲದಿದ್ದರೆ ಪ್ಲೈವುಡ್ ತಮಟೆಯಂತೆ ಸದ್ದು ಮಾಡುತ್ತದೆ, ಕೆಳಗಿನ ಮನೆಯವರು ಬಂದು ಕೇಳುತ್ತಾರೆ.

ಪಾಯಿಂಟುಗಳನ್ನು, ಅಂದರೆ ಹಳಿ ಎರಡಾಗಿ ಕವಲೊಡೆಯುವ ತುಂಡುಗಳನ್ನು, ಮೊದಲು ಇಡಿ. ಅವುಗಳ ಜಾಗ ಗಟ್ಟಿಯಾದ ಮೇಲೆ ನಡುವಿನ ಹಳಿಯನ್ನು ಅಳತೆಗೆ ಕತ್ತರಿಸಿ. ತುಂಬ ಜನ ಒಂದು ಕಡೆಯಿಂದ ಶುರು ಮಾಡಿ ಸುತ್ತು ಬಂದು, ಕೊನೆಯ ಜೋಡಣೆಯಲ್ಲಿ ಉಳಿದ ಅರ್ಧ ಇಂಚನ್ನು ಬಲವಂತವಾಗಿ ಎಳೆದು ಕೂರಿಸುತ್ತಾರೆ. ಆ ಜಾಗದಲ್ಲಿ ಜೀವನಪೂರ್ತಿ ರೈಲು ಹಳಿ ತಪ್ಪುತ್ತದೆ. ಪಾಯಿಂಟಿನ ಅಡಿಯಲ್ಲಿ ಚೌಕಟ್ಟಿನ ಅಡ್ಡಪಟ್ಟಿ ಬರದ ಹಾಗೆಯೂ ಈಗಲೇ ನೋಡಿಕೊಳ್ಳಿ. ಮೋಟಾರ್ ಕೂರಿಸಲು ಆ ಜಾಗ ಬೇಕು.

ಕತ್ತರಿಸಿದ ಪ್ರತಿ ತುದಿಯನ್ನು ಅರದಿಂದ ಉಜ್ಜಿ, ಮೇಲಿನ ಮತ್ತು ಒಳಗಿನ ಅಂಚನ್ನು ಸ್ವಲ್ಪ ಮೊಂಡು ಮಾಡಿ. ನೇರ ಹಳಿಯ ಜೋಡಣೆಗಳಲ್ಲಿ ಒಂದು ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಬಿಡಿ, ಬಿಸಿಲಿಗೆ ಹಿಗ್ಗಲು ಜಾಗ ಬೇಕಲ್ಲ. ತಿರುವಿನಲ್ಲಿ ಬರುವ ಜೋಡಣೆಯನ್ನು ಮಾತ್ರ ಹಳಿ ನೇರವಾಗಿದ್ದಾಗಲೇ ಬೆಸುಗೆ ಹಾಕಿ ಆಮೇಲೆ ಬಗ್ಗಿಸಿ. ಆಗ ಅಲ್ಲಿ ಮೂಲೆ ಏಳುವುದಿಲ್ಲ.

ಈಗ ಹಳಿಯನ್ನು ಸಣ್ಣ ಪಿನ್ನುಗಳಿಂದ ಮಾತ್ರ ನಿಲ್ಲಿಸಿ. ಪಿನ್ನನ್ನು ಪೂರ್ತಿ ಬಡಿದರೆ ಸ್ಲೀಪರ್ ತಗ್ಗಿ ಹಳಿಗಳ ಅಂತರ ಕಡಿಮೆಯಾಗುತ್ತದೆ. ತಲೆ ಸ್ಲೀಪರಿಗೆ ತಾಗುವ ಮೊದಲೇ ನಿಲ್ಲಿಸಿ.

ಪರೀಕ್ಷೆ: ಕರೆಂಟ್ ಬೇಡ. ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಒಂದೇ ಬೆರಳಿನಲ್ಲಿ ಇಡೀ ಸುತ್ತು ತಳ್ಳಿ, ಆಮೇಲೆ ಹಿಂದಕ್ಕೂ ತಳ್ಳಿ. ಕಣ್ಣು ಮುಚ್ಚಿ ತಳ್ಳಿದರೆ ಇನ್ನೂ ಒಳ್ಳೆಯದು, ಜೋಡಣೆಯ ಕುಲುಕು ಬೆರಳಿಗೆ ಗೊತ್ತಾಗುತ್ತದೆ. ಕುಲುಕಿದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಸರಿ ಮಾಡಿ.

## ಹಂತ 4: ಹಲಗೆಯಡಿಯ ವೈರಿಂಗ್

ಹತ್ತರಲ್ಲಿ ಎಂಟು ಮಂದಿ ಸೋಲುವ ಜಾಗ ಇದು. ಪೆಟ್ಟಿಗೆಯಲ್ಲಿ ಬಂದ ಎರಡು ವೈರನ್ನು ಹಳಿಗೆ ಸಿಕ್ಕಿಸಿ, ಉಳಿದದ್ದನ್ನು ಹಳಿ ಜೋಡಿಸುವ ಲೋಹದ ಕ್ಲಿಪ್ಪುಗಳು ನೋಡಿಕೊಳ್ಳುತ್ತವೆ ಅಂತ ನಂಬುತ್ತಾರೆ. ಮೊದಲ ವಾರ ನೋಡಿಕೊಳ್ಳುತ್ತವೆ ಕೂಡ. ಆಮೇಲೆ ಧೂಳು, ತೇವ ಸೇರಿ ಕ್ಲಿಪ್ ಸಡಿಲವಾಗುತ್ತದೆ, ದೂರದ ತುದಿಯಲ್ಲಿ ರೈಲು ನಿಧಾನವಾಗುತ್ತದೆ.

ಸರಿಯಾದ ದಾರಿ ಹೀಗೆ. ಹಲಗೆಯ ಅಡಿಯಲ್ಲಿ ಹಳಿಯ ಹಾದಿಯನ್ನೇ ಹಿಡಿದು ಎರಡು ದಪ್ಪ ವೈರ್ ಎಳೆಯಿರಿ, ಒಂದು ಕೆಂಪು, ಒಂದು ಕಪ್ಪು. ಇದಕ್ಕೆ ಬಸ್ ವೈರ್ ಅನ್ನುತ್ತಾರೆ. ಮನೆ ವೈರಿಂಗಿನ 1.5 ಚದರ ಮಿ.ಮೀ. ವೈರ್ ಸಾಕು. ಪ್ರತಿ ಹಳಿ ತುಂಡಿನಿಂದ ಒಂದು ತೆಳು ವೈರ್ ಇಳಿಸಿ ಬಸ್‌ಗೆ ಸೇರಿಸಿ. ಇದು ಡ್ರಾಪರ್. ಉದ್ದನೆಯ ಹಳಿಯಾದರೆ ಮೂರಡಿಗೊಂದು ಇರಲಿ. ಡ್ರಾಪರ್ ಒಂದಡಿಗಿಂತ ಉದ್ದ ಆಗದಿರಲಿ.

ಬಣ್ಣಕ್ಕೆ ಒಂದು ನಿಯಮ ಮಾಡಿಕೊಳ್ಳಿ. ನನ್ನದು, ಗೋಡೆ ಕಡೆಯ ಹಳಿಗೆ ಕೆಂಪು. ಸುತ್ತು ತಿರುಗಿ ಈಚೆಗೆ ಬಂದಾಗ ಅದೇ ಹಳಿ ನಿಮ್ಮ ಕಡೆಗೆ ಬರುತ್ತದೆ, ಇಲ್ಲಿಯೇ ಗೊಂದಲ ಆಗುವುದು. ಅದಕ್ಕೆ ಶುರುವಿನಲ್ಲೇ ಆ ಹಳಿಯ ಉದ್ದಕ್ಕೂ ಸ್ಕೆಚ್ ಪೆನ್ನಿನಲ್ಲಿ ಕೆಂಪು ಚುಕ್ಕೆ ಇಡುತ್ತಾ ಹೋಗಿ.

ಬೆಸುಗೆಯನ್ನು ಹಳಿಯ ಹೊರಮೈಗೆ ಹಾಕಿ. ಒಳಗೆ ಹಾಕಿದರೆ ಚಕ್ರದ ಅಂಚು ತಾಗಿ ಪ್ರತಿ ಸುತ್ತಿಗೂ ಹಾರುತ್ತದೆ. ಮೊದಲು ಹಳಿಯ ಆ ಜಾಗವನ್ನು ಅರದಿಂದ ಹೊಳೆಯುವಂತೆ ಉಜ್ಜಿ, ಅಲ್ಲಿಗೊಂದು ಹನಿ ಸೋಲ್ಡರ್ ಹಿಡಿಸಿ. ವೈರಿನ ತುದಿಗೂ ಹಿಡಿಸಿ. ಆಮೇಲೆ ಎರಡನ್ನೂ ಸೇರಿಸಿ ಎರಡು ಸೆಕೆಂಡ್ ಐರನ್ ಒತ್ತಿ ತೆಗೆಯಿರಿ. ಎರಡೂ ಬದಿಯ ಸ್ಲೀಪರ್ ಮೇಲೆ ಒದ್ದೆ ಹತ್ತಿಯ ಉಂಡೆ ಇಟ್ಟರೆ ಪ್ಲಾಸ್ಟಿಕ್ ಕರಗುವುದಿಲ್ಲ. ಬೆಸುಗೆ ಹೊಳೆದರೆ ಸರಿಯಾಗಿದೆ. ಬೂದಿ ಬಣ್ಣಕ್ಕೆ ತಿರುಗಿ ಗುಳ್ಳೆಯಂತೆ ಕೂತರೆ ಹಿಡಿದಿಲ್ಲ, ಎಳೆದರೆ ಬರುತ್ತದೆ.

ಪ್ರತಿ ಡ್ರಾಪರ್ ಹಾಕಿದ ಮೇಲೆ ಮಲ್ಟಿಮೀಟರನ್ನು ಬೀಪಿನಲ್ಲಿಟ್ಟು ಎರಡು ಹಳಿಗೂ ತಾಗಿಸಿ. ಸದ್ದು ಬರಬಾರದು. ಬಂದರೆ ಈಗಷ್ಟೇ ಹಾಕಿದ ಡ್ರಾಪರ್ ತಪ್ಪು ಹಳಿಗೆ ಹೋಗಿದೆ ಅಂತ ಅರ್ಥ, ಹುಡುಕುವ ಕೆಲಸವೇ ಇಲ್ಲ. ನಲವತ್ತು ಡ್ರಾಪರ್ ಹಾಕಿ ಕೊನೆಗೆ ಒಮ್ಮೆ ನೋಡಿದರೆ ನಲವತ್ತನ್ನೂ ಬಿಚ್ಚಬೇಕು. ನಾನು ಒಂದು ದೀಪಾವಳಿ ರಜೆಯನ್ನು ಪೂರ್ತಿ ಹೀಗೆ ಕಳೆದಿದ್ದೇನೆ.

## ಹಂತ 5: ಕಂಟ್ರೋಲರ್

ಒಂದೇ ರೈಲು, ಒಂದೇ ಸುತ್ತು ಅಂದರೆ ಹಳೆಯ ಡಿಸಿ ಪದ್ಧತಿ ಸಾಕು. 0ಯಿಂದ 12 ವೋಲ್ಟ್, ಜಾಸ್ತಿ ಮಾಡಿದರೆ ವೇಗ, ಪ್ಲಸ್ ಮೈನಸ್ ಬದಲಿಸಿದರೆ ದಿಕ್ಕು ಬದಲು. ಎರಡನೇ ಎಂಜಿನ್ ಬಂದ ದಿನ ತಲೆನೋವು ಶುರು, ಯಾಕೆಂದರೆ ಹಳಿಯಲ್ಲಿರುವ ಎಲ್ಲವೂ ಒಟ್ಟಿಗೆ ಓಡುತ್ತವೆ.

ಇದಕ್ಕೆ ಪರಿಹಾರ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಇದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ. ಅದರ ದಿಕ್ಕನ್ನು ಸೆಕೆಂಡಿಗೆ ಸಾವಿರಾರು ಸಲ ಬದಲಿಸುತ್ತಾ ಸಂದೇಶ ಕಳಿಸುತ್ತಾರೆ. ಬದಲಾವಣೆಯ ನಡುವೆ 58 ಮೈಕ್ರೊಸೆಕೆಂಡ್ ಇದ್ದರೆ 1, ಸುಮಾರು 100 ಇದ್ದರೆ 0. ಎಂಜಿನ್ನಿನೊಳಗಿನ ಡಿಕೋಡರ್ ಅದನ್ನು ಓದಿ, ತನ್ನ ನಂಬರಿಗೆ ಬಂದ ಮಾತನ್ನು ಮಾತ್ರ ಕೇಳುತ್ತದೆ. ಅಂಗಡಿಯ ಸಿಸ್ಟಂ ತರಬಹುದು. ಕಡಿಮೆ ಖರ್ಚಿನಲ್ಲಿ ಆಗಬೇಕು ಅಂದರೆ ಡಿಸಿಸಿ-ಇಎಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದಕ್ಕೆ ಬೇಕಾದದ್ದು ಆರ್ಡುಯಿನೊ ಮೆಗಾ ಬೋರ್ಡ್ (ಪ್ರೋಗ್ರಾಂ ತುಂಬಬಹುದಾದ ಪುಟ್ಟ ಕಂಪ್ಯೂಟರ್), ಅದರ ಮೇಲೆ ಕೂತು ಹಳಿಗೆ ಕರೆಂಟ್ ಕೊಡುವ ಆರ್ಡುಯಿನೊ ಮೋಟಾರ್ ಶೀಲ್ಡ್ ಆರ್3, ಮತ್ತು 14–15 ವೋಲ್ಟ್, 3 ಆಂಪಿಯರಿನ ಒಳ್ಳೆಯ ಡಿಸಿ ಅಡಾಪ್ಟರ್.

ಎರಡು ಬಲೆ ಇವೆ. ಅಂಗಡಿಯಲ್ಲಿ "ಮೋಟಾರ್ ಶೀಲ್ಡ್" ಅಂತಷ್ಟೇ ಕೇಳಿದರೆ ಎಲ್293ಡಿ ಚಿಪ್ಪಿನದು ಕೈಗೆ ಬರುತ್ತದೆ. ನೋಡಲು ಹಾಗೇ ಇರುತ್ತದೆ, ಆದರೆ ಚಾನಲ್ಲಿಗೆ 0.6 ಆಂಪಿಯರ್ ಮಾತ್ರ, ಈ ಕೆಲಸಕ್ಕೆ ಆಗದು. ಎಲ್298 ಇರುವ ಆರ್3 ಅಂತಲೇ ಕೇಳಿ. ಕೆಂಪು ಬಣ್ಣದ ಎಲ್298ಎನ್ ಬಿಡಿ ಮಾಡ್ಯೂಲೂ ಅಗ್ಗಕ್ಕೆ ಸಿಗುತ್ತದೆ, ಆದರೆ ಹಾಗೇ ಜೋಡಿಸಿದರೆ ಅದು ಕರೆಂಟ್ ಅಳೆಯುವುದಿಲ್ಲ. ಶಾರ್ಟ್ ಆದಾಗ ಆಫ್ ಮಾಡುವವರು ಯಾರೂ ಇರುವುದಿಲ್ಲ.

ಎರಡನೇ ಬಲೆ ದುಬಾರಿ. ಶೀಲ್ಡಿನ ಹಿಂಬದಿಯಲ್ಲಿ ವಿನ್ ಕನೆಕ್ಟ್ ಅಂತ ಬರೆದ ಸಣ್ಣ ತಾಮ್ರದ ಗೆರೆ ಇರುತ್ತದೆ. ಜೋಡಿಸುವ ಮೊದಲು ಅದನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಿ, ಮೀಟರಿನಲ್ಲಿ ಕತ್ತರಿಸಿದ್ದು ಖಾತ್ರಿ ಮಾಡಿಕೊಳ್ಳಿ. ಬಿಟ್ಟರೆ ಹಳಿಯ 15 ವೋಲ್ಟ್ ನೇರ ಮೆಗಾ ಬೋರ್ಡಿಗೆ ಹೋಗುತ್ತದೆ. ಅದಕ್ಕೆ ಹೇಳಿದ್ದು 7ರಿಂದ 12. ಸುಟ್ಟ ವಾಸನೆ ಬಂದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ.

ಇನ್ನು ಕ್ರಮ:

1. ಮೆಗಾ ಬೋರ್ಡನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ. ಅಗ್ಗದ ಬೋರ್ಡಾದರೆ ಸಿಎಚ್340 ಡ್ರೈವರ್ ಹಾಕಬೇಕಾಗಬಹುದು.
2. ಡಿಸಿಸಿ-ಇಎಕ್ಸ್‌ನ ಇಎಕ್ಸ್-ಇನ್‌ಸ್ಟಾಲರ್ ತೆರೆದು, ಬೋರ್ಡ್ ಮತ್ತು ಶೀಲ್ಡ್ ಆರಿಸಿ ಸಾಫ್ಟ್‌ವೇರ್ ತುಂಬಿ.
3. ಯುಎಸ್‌ಬಿ ತೆಗೆದು ಶೀಲ್ಡ್ ಕೂರಿಸಿ. ಅಡಾಪ್ಟರಿನ ಪ್ಲಸ್ ಮೈನಸ್ ಮೀಟರಿನಲ್ಲಿ ನೋಡಿಯೇ ಸ್ಕ್ರೂ ಬಿಗಿ ಮಾಡಿ.
4. ಶೀಲ್ಡಿನ ಎ ಔಟ್‌ಪುಟ್ ಬಸ್ ವೈರಿಗೆ, ಬಿ ಔಟ್‌ಪುಟ್ ಬೇರೆಯಾಗಿ ಇಟ್ಟ ಒಂದಡಿ ಹಳಿಗೆ. ಈ ಒಂದಡಿ ಹಳಿ ಪ್ರೋಗ್ರಾಮಿಂಗ್‌ಗೆ, ಅಂದರೆ ಡಿಕೋಡರಿನ ಸೆಟ್ಟಿಂಗ್ ಓದಲು, ಬದಲಿಸಲು. ಇದು ಲೇಔಟಿನ ಯಾವ ಹಳಿಗೂ ತಾಗಬಾರದು.
5. ಯುಎಸ್‌ಬಿ ಮತ್ತೆ ಜೋಡಿಸಿ. ಕಂಪ್ಯೂಟರಿನಲ್ಲಿ ಮಾದರಿ ರೈಲು ನಡೆಸುವ ಜೆಎಂಆರ್‌ಐ ಸಾಫ್ಟ್‌ವೇರ್ ಹಾಕಿ, ಮೊಬೈಲನ್ನು ಅದಕ್ಕೆ ಸೇರಿಸುವ ವೈಥ್ರಾಟಲ್ ಸರ್ವರ್ ಚಾಲೂ ಮಾಡಿ. ಆಂಡ್ರಾಯ್ಡ್ ಮೊಬೈಲಿನಲ್ಲಿ ಎಂಜಿನ್ ಡ್ರೈವರ್ ಆಪ್ ಇಳಿಸಿದರೆ ಅದೇ ವೈಫೈಯಲ್ಲಿ ಕೈಯೊಳಗೆ ಹ್ಯಾಂಡಲ್ ಬಂದಂತೆ.

ಪರೀಕ್ಷೆ: ಎಂಜಿನ್ ಇಡುವ ಮೊದಲು ನಾಣ್ಯ ಹಿಡಿಯಿರಿ. ಪವರ್ ಆನ್ ಮಾಡಿ, ಪ್ರತಿ ಮೂರಡಿಗೊಮ್ಮೆ ಎರಡು ಹಳಿಗೂ ತಾಗುವಂತೆ ನಾಣ್ಯವನ್ನು ಅಡ್ಡ ಇಡಿ. ಇಟ್ಟ ತಕ್ಷಣ ಸಿಸ್ಟಂ ಪವರ್ ಕಡಿಯಬೇಕು. ಯಾವುದಾದರೂ ಜಾಗದಲ್ಲಿ ಕಡಿಯದಿದ್ದರೆ ಅಲ್ಲಿಗೆ ಡ್ರಾಪರ್ ಸಾಲದು, ಅಥವಾ ಬೆಸುಗೆ ಹಿಡಿದಿಲ್ಲ. ಅದನ್ನು ಬಿಟ್ಟು ಮುಂದೆ ಹೋದರೆ ಒಂದು ದಿನ ಹಳಿ ತಪ್ಪಿದ ಬೋಗಿಯ ಚಕ್ರ ಅದೇ ಜಾಗದಲ್ಲಿ ಕರಗುತ್ತದೆ.

ಹಳೆಯ ಡಿಸಿ ಪವರ್ ಪ್ಯಾಕನ್ನು ಅದೇ ಹಳಿಗೆ ಎಂದೂ ಜೋಡಿಸಬೇಡಿ, ಪಕ್ಕದ ಸೈಡಿಂಗಿಗೂ ಬೇಡ. ಎರಡು ಭಾಗಗಳ ನಡುವಿನ ಸಂದನ್ನು ಚಕ್ರ ದಾಟುವ ಒಂದು ಕ್ಷಣದಲ್ಲಿ ಎರಡೂ ಸುಡಬಹುದು. ಡಿಕೋಡರ್ ಇಲ್ಲದ ಎಂಜಿನ್ನನ್ನೂ ಡಿಸಿಸಿ ಹಳಿಯ ಮೇಲೆ ಬಿಡಬೇಡಿ. ಗುಂಯ್ ಅಂತ ಸದ್ದು ಮಾಡಿ ಮೋಟಾರ್ ಬಿಸಿಯಾಗುತ್ತದೆ.

## ಹಂತ 6: ಎಂಜಿನ್ನಿಗೆ ಡಿಕೋಡರ್

ಎಂಜಿನ್ನಿನಲ್ಲಿ 8 ಪಿನ್ನಿನ ಸಾಕೆಟ್ ಇದ್ದರೆ ಕೆಲಸ ಐದು ನಿಮಿಷದ್ದು. 1 ಅಂತ ಗುರುತಿರುವ ಪಿನ್ ನೋಡಿ ಚುಚ್ಚಿ. ಎಂಜಿನ್ ಓಡಿ ಲೈಟ್ ಮಾತ್ರ ಉರಿಯದಿದ್ದರೆ ಪ್ಲಗ್ ಉಲ್ಟಾ ಇದೆ.

ಸಾಕೆಟ್ ಇಲ್ಲದ ಹಳೆಯ ಎಂಜಿನ್ನಿಗೆ ವೈರ್ ಬೆಸುಗೆ ಹಾಕಬೇಕು. ಬಣ್ಣಗಳು ಎಲ್ಲ ಕಂಪನಿಯಲ್ಲೂ ಹೆಚ್ಚುಕಮ್ಮಿ ಒಂದೇ: ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟಾರಿಗೆ, ಬಿಳಿ ಮುಂದಿನ ಲೈಟಿಗೆ, ಹಳದಿ ಹಿಂದಿನದಕ್ಕೆ, ನೀಲಿ ಲೈಟುಗಳ ಪ್ಲಸ್. ಹಳೆಯ ಎಂಜಿನ್ನುಗಳಲ್ಲಿ ಮೋಟಾರಿನ ಒಂದು ತುದಿ ಲೋಹದ ಚಾಸಿಸ್ಸಿಗೆ ತಾಗಿರುತ್ತದೆ. ಅದನ್ನು ಬೇರ್ಪಡಿಸದೆ ಡಿಕೋಡರ್ ಹಾಕಿದರೆ ಆನ್ ಮಾಡಿದ ಕೂಡಲೇ ಸತ್ತಿತು. ಮೋಟಾರಿನ ಎರಡೂ ತುದಿ ಮತ್ತು ಚಾಸಿಸ್ ನಡುವೆ, ಮೋಟಾರ್ ಮತ್ತು ಎಲ್ಲ ಚಕ್ರಗಳ ನಡುವೆ ಬೀಪ್ ಹಾಕಿ ನೋಡಿ. ಎಲ್ಲೂ ಸದ್ದು ಬರಬಾರದು.

ಹೊಸ ಡಿಕೋಡರ್ ಹಾಕಿದ ಎಂಜಿನ್ ಮೊದಲು ಹೋಗಬೇಕಾದ್ದು ಪ್ರೋಗ್ರಾಮಿಂಗ್ ಹಳಿಗೆ. ಅಲ್ಲಿ ಕರೆಂಟ್ ಮಿತಿ ಕಡಿಮೆ, ತಪ್ಪಿದ್ದರೂ ಸುಡುವುದಿಲ್ಲ. ವಿಳಾಸ, ಅಂದರೆ ಡಿಕೋಡರಿನ ನಂಬರ್, ಓದಿಸಿದರೆ 3 ಅಂತ ಬರಬೇಕು, ಹೊಸ ಡಿಕೋಡರುಗಳೆಲ್ಲ 3ರಲ್ಲೇ ಇರುತ್ತವೆ. ಓದದಿದ್ದರೆ ಗಾಬರಿಯಾಗಬೇಡಿ. ಹೆಚ್ಚಿನ ಸಲ ಚಕ್ರ ಕೊಳೆಯಾಗಿರುತ್ತದೆ, ಆಲ್ಕೋಹಾಲಿನಲ್ಲಿ ಒರೆಸಿ ಮತ್ತೆ ಓದಿಸಿ. ಓದಿದ ಮೇಲೆ ಎಂಜಿನ್ನಿನ ಮೈಮೇಲಿನ ನಂಬರಿನ ಕೊನೆಯ ನಾಲ್ಕು ಅಂಕೆಯನ್ನೇ ವಿಳಾಸ ಮಾಡಿ, ನೆನಪಿಡಲು ಸುಲಭ.

ಸೆಟ್ಟಿಂಗುಗಳಿಗೆ ಸಿವಿ ಅನ್ನುತ್ತಾರೆ. ಈಗ ಮೂರು ಸಾಕು. ಸಿವಿ 2 ಹೊರಡುವ ವೋಲ್ಟೇಜ್, ಸಿವಿ 3 ನಿಧಾನವಾಗಿ ವೇಗ ಏರುವುದು, ಸಿವಿ 4 ನಿಧಾನವಾಗಿ ನಿಲ್ಲುವುದು. ಗೊಂದಲ ಮಾಡಿಕೊಂಡರೆ ಸಿವಿ 8ಕ್ಕೆ 8 ಬರೆಯಿರಿ, ತುಂಬ ಡಿಕೋಡರುಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ.

## ಹಂತ 7: ಪಾಯಿಂಟಿಗೆ ಮೋಟಾರ್

ಪಾಯಿಂಟ್ ತಿರುಗಿಸಲು ಎಸ್‌ಜಿ90 ಅನ್ನುವ ಪುಟ್ಟ ನೀಲಿ ಸರ್ವೊ ಮೋಟಾರ್ ಸಾಕು, ಹೇಳಿದ ಕೋನಕ್ಕೆ ತಿರುಗಿ ನಿಲ್ಲುತ್ತದೆ. ಹದಿನಾರು ಸರ್ವೊಗಳನ್ನು ನೋಡಿಕೊಳ್ಳಲು ಪಿಸಿಎ9685 ಅನ್ನುವ ಒಂದು ಬೋರ್ಡ್ ಸಾಕು, ಮೆಗಾ ಬೋರ್ಡಿನ 20 ಮತ್ತು 21ನೇ ಪಿನ್ನಿಗೆ ಎರಡು ಸಿಗ್ನಲ್ ವೈರ್, ಜೊತೆಗೆ ಆ ಬೋರ್ಡಿಗೆ ಮಾತ್ರ 5 ವೋಲ್ಟ್ ಮತ್ತು ಗ್ರೌಂಡ್ (ಮೈನಸ್).

ಸರ್ವೊಗಳಿಗೆ ಕರೆಂಟನ್ನು ಆರ್ಡುಯಿನೊದಿಂದ ತಗೊಳ್ಳಬೇಡಿ. ಒಂದು ಸರ್ವೊ ಎಲ್ಲೋ ಸಿಕ್ಕಿಕೊಂಡರೆ ಅರ್ಧ ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ, ಬೋರ್ಡ್ ರೀಸೆಟ್ ಆಗಿ ಓಡುತ್ತಿರುವ ರೈಲೆಲ್ಲ ನಿಲ್ಲುತ್ತವೆ. ಬೇರೆ 5 ವೋಲ್ಟಿನ ಅಡಾಪ್ಟರ್ ಕೊಡಿ, ಎರಡರ ಗ್ರೌಂಡ್ ಮಾತ್ರ ಸೇರಿಸಿ. ಗ್ರೌಂಡ್ ಸೇರಿಸದಿದ್ದರೆ ಸರ್ವೊ ಜ್ವರ ಬಂದವರಂತೆ ನಡುಗುತ್ತದೆ.

ಕೂರಿಸುವಾಗ ಮೊದಲು ಸರ್ವೊವನ್ನು 90 ಡಿಗ್ರಿಗೆ ತಂದು ನಿಲ್ಲಿಸಿ, ಪಾಯಿಂಟಿನಲ್ಲಿ ಅತ್ತಿತ್ತ ಸರಿಯುವ ಹಳಿಯನ್ನು, ಅಂದರೆ ನಾಲಿಗೆಯನ್ನು, ನಡುವಿಗೆ ತಂದು, ಆಮೇಲೆ ಸ್ಕ್ರೂ ಹಾಕಿ. ನಡುವೆ 1 ಮಿ.ಮೀ. ಗಟ್ಟಿ ಸ್ಪ್ರಿಂಗ್ ತಂತಿ, ಹಲಗೆಯಲ್ಲಿ ಅದು ಆಡಲು 8 ಮಿ.ಮೀ. ತೂತು. ಕೋನವನ್ನು ಎರಡೆರಡು ಡಿಗ್ರಿ ಹೆಚ್ಚಿಸುತ್ತಾ ಹೋಗಿ, ನಾಲಿಗೆ ಪಕ್ಕದ ಹಳಿಗೆ ತಾಗಿದ ಮೇಲೆ ಒಂದೆರಡು ಡಿಗ್ರಿ ಒತ್ತಡ ಸಾಕು. ಗುರ್ ಅಂತ ಸದ್ದು ನಿಲ್ಲದಿದ್ದರೆ ಜಾಸ್ತಿ ಒತ್ತುತ್ತಿದೆ, ಸುಟ್ಟುಹೋಗುವ ಮೊದಲು ಕೋನ ಇಳಿಸಿ.

ಪಾಯಿಂಟಿನಲ್ಲಿ ಹಳಿಗಳು ಕೂಡುವ ತುದಿಗೆ ಫ್ರಾಗ್ ಅನ್ನುತ್ತಾರೆ. ಅದು ಪ್ಲಾಸ್ಟಿಕ್ಕಿನದ್ದಾದರೆ ವೈರಿಂಗ್ ಸುಲಭ, ಆದರೆ ನಾಲ್ಕು ಚಕ್ರದ ಪುಟ್ಟ ಎಂಜಿನ್ ಅದರ ಮೇಲೆ ನಿಧಾನವಾಗಿ ಹೋದರೆ ನಿಂತುಬಿಡುತ್ತದೆ. ಲೋಹದ್ದಾದರೆ ಅದರಿಂದ ಹೊರಡುವ ಒಳಗಿನ ಎರಡು ಹಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಲೇಬೇಕು, ಮರೆತರೆ ಪಾಯಿಂಟ್ ತಿರುಗಿಸಿದ ಕೂಡಲೇ ಶಾರ್ಟ್.

## ಹಂತ 8: ತಾನಾಗಿ ನಿಲ್ಲುವ, ಹೊರಡುವ ರೈಲು

ಇದು ಐಚ್ಛಿಕ. ಹಳಿಯ ಪಕ್ಕದಲ್ಲಿ ರೈಲು ಬಂದದ್ದನ್ನು ಗುರುತಿಸುವ ಒಂದು ಐಆರ್ (ಇನ್‌ಫ್ರಾರೆಡ್) ಸೆನ್ಸರ್ ಇಟ್ಟು, ಡಿಸಿಸಿ-ಇಎಕ್ಸ್‌ನಲ್ಲೇ ಇರುವ ಎಕ್ಸ್‌ರೇಲ್ ಅನ್ನುವ ಸೌಲಭ್ಯ ಬಳಸಿ "ಸೆನ್ಸರಿಗೆ ರೈಲು ಬಂದರೆ ನಿಲ್ಲಿಸು, 15 ಸೆಕೆಂಡ್ ಕಾಯಿ, ಮತ್ತೆ ಹೊರಡಿಸು" ಅಂತ ನಾಲ್ಕೈದು ಸಾಲು ಬರೆದರೆ ಸ್ಟೇಷನ್ ಜೀವಂತವಾಗುತ್ತದೆ. ಪ್ಲಾಟ್‌ಫಾರ್ಮ್ ದಾಟಿ ನಿಂತರೆ ಸೆನ್ಸರನ್ನು ಹಿಂದಕ್ಕೆ ಸರಿಸಿ, ಇಲ್ಲವೇ ಸಿವಿ 4 ಇಳಿಸಿ.

ಸಂಜೆ ನಾಲ್ಕಕ್ಕೆ ಮಾತ್ರ ರೈಲು ಕಾರಣವಿಲ್ಲದೆ ನಿಂತರೆ ಪಶ್ಚಿಮದ ಕಿಟಕಿ ನೋಡಿ. ಐಆರ್ ಸೆನ್ಸರಿಗೆ ಬಿಸಿಲೂ ರೈಲಿನಂತೆ ಕಾಣುತ್ತದೆ. ನಾನು ಎರಡು ವಾರ ಕೋಡಿನಲ್ಲಿ ತಪ್ಪು ಹುಡುಕಿ, ಕೊನೆಗೆ ಪರದೆ ಎಳೆದು ಸರಿ ಮಾಡಿದೆ.

## ಹಂತ 9: ಅಂಟು, ಜಲ್ಲಿ, ಗುಡ್ಡ

ಇಲ್ಲಿಗೆ ಬರುವ ಮೊದಲು ಒಂದು ವಾರ ರೈಲು ಓಡಿಸಿ. ಉದ್ದದ ರೈಲನ್ನು ಹಿಂದಕ್ಕೂ ತಳ್ಳಿಸಿ. ಒಂದೇ ಜಾಗದಲ್ಲಿ ಎರಡು ಸಲ ಹಳಿ ತಪ್ಪಿದರೆ ತಪ್ಪು ಹಳಿಯದು, ಒಂದೇ ಬೋಗಿ ಎಲ್ಲ ಕಡೆ ತಪ್ಪಿದರೆ ಬೋಗಿಯದು.

ನಿಜವಾದ ಹಳಿಯ 50 ಮಿ.ಮೀ. ಜಲ್ಲಿ ಎಚ್‌ಒನಲ್ಲಿ 0.6 ಮಿ.ಮೀ. ಆಗುತ್ತದೆ. ಬೀದಿಗೊಂದು ಕಟ್ಟಡ ಏಳುತ್ತಿರುವ ಈ ಊರಿನಲ್ಲಿ ಎಂ-ಸ್ಯಾಂಡಿಗೆ ಬರವಿಲ್ಲ. ಕೇಳಿ ಒಂದು ಡಬ್ಬಿ ತನ್ನಿ, ತೊಳೆದು ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಆಮೇಲೆ ಒಂದು ಅಯಸ್ಕಾಂತವನ್ನು ಅದರಲ್ಲಿ ಚೆನ್ನಾಗಿ ಆಡಿಸಿ. ಅಂಟಿಕೊಂಡು ಬರುವ ಕಪ್ಪು ಪುಡಿ ಎಂಜಿನ್ನಿನ ಮೋಟಾರಿನೊಳಗೆ ಹೋದರೆ ಕಥೆ ಮುಗಿಯಿತು.

ಫೆವಿಕಾಲಿಗೆ ಸಮ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಜಲ್ಲಿ ಹರಡಿದ ಮೇಲೆ ಔಷಧಿ ಹಾಕುವ ಡ್ರಾಪರಿನಲ್ಲಿ ಹನಿಹನಿಯಾಗಿ ಬಿಡಿ. ಪಾಯಿಂಟಿನ ನಾಲಿಗೆಯ ಸುತ್ತ ಒಂದಿಂಚು ಅಂಟೇ ಬೇಡ. ಪೂರ್ತಿ ಒಣಗುವ ತನಕ, ಅಂದರೆ ಕಡಿಮೆ ಅಂದರೂ ಒಂದು ದಿನ, ಪವರ್ ಆನ್ ಮಾಡಬೇಡಿ. ಒದ್ದೆ ಅಂಟಿನಲ್ಲಿ ಕರೆಂಟ್ ಹರಿಯುತ್ತದೆ.

ಸುರಂಗ ಮಾಡುವವರು ಗುಡ್ಡದ ಹಿಂಬದಿಯನ್ನು ತೆರೆದೇ ಬಿಡಿ. ಕೈ ಹೋಗಬೇಕು. ರೈಲು ನಿಲ್ಲುವುದು, ಹಲ್ಲಿ ಸಂಸಾರ ಹೂಡುವುದು ಎರಡೂ ಅಲ್ಲೇ.

## ನಿಂತರೆ ಹುಡುಕುವ ಕ್ರಮ

ರೈಲು ಒಂದು ಜಾಗದಲ್ಲಿ ಮಿಣುಕಿ ನಿಂತರೆ ಮೊದಲು ಆ ಜಾಗದ ಹಳಿ ಒರೆಸಿ. ಬಟ್ಟೆಗೆ ಆಲ್ಕೋಹಾಲ್ ಹಾಕಿ ಒರೆಸಿ, ಉಪ್ಪುಕಾಗದ ಬೇಡ. ಅದರ ಗೀರುಗಳಲ್ಲಿ ಇನ್ನೂ ಜಾಸ್ತಿ ಕೊಳೆ ಕೂರುತ್ತದೆ. ನಂತರ ಎಂಜಿನ್ನಿನ ಚಕ್ರ. ಆಮೇಲೆ ಆ ತುಂಡಿನ ಡ್ರಾಪರನ್ನು ಕೆಳಗಿನಿಂದ ಮೆಲ್ಲಗೆ ಎಳೆದು ನೋಡಿ.

ಇಡೀ ಲೇಔಟ್ ಆಗಾಗ ಆಫ್ ಆಗುತ್ತಿದ್ದರೆ ಎಲ್ಲ ರೈಲನ್ನೂ ಎತ್ತಿಡಿ. ಆಗಲೂ ಆಫ್ ಆದರೆ ತಪ್ಪು ವೈರಿಂಗಿನಲ್ಲಿ ಇಲ್ಲವೇ ಹಳಿಯಲ್ಲಿ. ಬಸ್ ವೈರನ್ನು ಎರಡು ಹಲಗೆ ಸೇರುವಲ್ಲಿ ಬಿಡಿಸಿ, ಯಾವ ಅರ್ಧದಲ್ಲಿದೆ ನೋಡಿ, ಅದನ್ನು ಮತ್ತೆ ಅರ್ಧ ಮಾಡಿ. ಹುಡುಕುವಾಗ ಹಳಿಗಳ ನಡುವೆ ಬಿದ್ದ ಪಿನ್, ವೈರಿನ ಒಂದು ಎಳೆ, ಮರೆತಿಟ್ಟ ಸ್ಕ್ರೂ ಡ್ರೈವರ್ ಇದೆಯಾ ಅಂತ ಮೊದಲು ಕಣ್ಣಾಡಿಸಿ. ನಗಬೇಡಿ, ನನಗೆ ಸಿಕ್ಕಿದ್ದು ಹೆಚ್ಚಾಗಿ ಇವೇ.

ತಿಂಗಳುಗಟ್ಟಲೆ ಓಡಿಸದೆ ಇಡುವುದಾದರೆ ಅಡಾಪ್ಟರುಗಳನ್ನು ಗೋಡೆಯಿಂದ ತೆಗೆದು, ಇಡೀ ಲೇಔಟಿನ ಮೇಲೆ ಹಳೆಯ ಕಾಟನ್ ಸೀರೆ ಹೊದಿಸಿ. ಪ್ಲಾಸ್ಟಿಕ್ ಹಾಳೆ ಹಾಕಿದರೆ ಒಳಗೆ ತೇವ ನಿಲ್ಲುತ್ತದೆ. ಮತ್ತೆ ಶುರು ಮಾಡುವ ದಿನ ಮೊದಲು ಹಳಿ ಒರೆಸಿ, ನಾಣ್ಯದ ಪರೀಕ್ಷೆ ಮಾಡಿ, ಆಮೇಲೆ ಎಂಜಿನ್ ಇಡಿ.